ಅಂಕಿಯನ್ನೂ ಕೈಬಿಡಬೇಡಿ

ಹವಾಮಾನ ಬದಲಾವಣೆ ವಿಷಯದಲ್ಲಿ ಜನ ಒಂದಾಗಬೇಕಾದರೆ ಅಂಕಿಅಂಶ ಪಕ್ಕಕ್ಕಿಟ್ಟು ಕಥೆ, ಚಿತ್ರ, ನಾಟಕ ಹಿಡಿಯಿರಿ ಅಂತ ನಾನು ಓದಿದ ಲೇಖನವೊಂದರ ಲೇಖಕರು ಬರೆದಿದ್ದಾರೆ. ಕಥೆ ಬೇಕೇ ಬೇಕು. ಅಂಕಿ ಬೇಡ ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ. ಮಂಡ್ಯದಲ್ಲಿ 124.80 ಅಡಿ ಅಂದರೆ ಟೀ ಅಂಗಡಿಯಲ್ಲಿ ಕೂತವರೆಲ್ಲ ತಿರುಗಿ ನೋಡುತ್ತಾರೆ. ಕೆಆರ್‌ಎಸ್‌ ಅಣೆಕಟ್ಟೆ ಭರ್ತಿಯಾಗುವ ಮಟ್ಟ ಅದು. ಆ ವರ್ಷದ ನಾಟಿ, ಮಗಳ ಮದುವೆ, ಸಾಲದ ಕಂತು ಎಲ್ಲಾ ಅದರ ಮೇಲೇ ನಿಂತಿರುತ್ತೆ. 2023ರಲ್ಲಿ ಅಣೆಕಟ್ಟೆ ತುಂಬಲಿಲ್ಲ. 2024ರ ಜುಲೈನಲ್ಲಿ ತುಂಬಿ ಹರಿಯಿತು. ಇದನ್ನು ಯಾರೂ ನಮಗೆ ಕಲಿಸಬೇಕಿಲ್ಲ.

ನಮ್ಮೂರು ಆ ಅಣೆಕಟ್ಟೆಯಿಂದ ನೀರು ತರುವ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ. ಮೇಲಿನ ಊರಿನವರು ನೀರು ಬಿಡಲ್ಲ ಅನ್ನುವ ಜಗಳ ಹಳೆಯದು. ಆ ಬರದ ವರ್ಷ ಹಬ್ಬಕ್ಕೆ ನಮ್ಮ ಹುಡುಗರು ಸಣ್ಣದೊಂದು ನಾಟಕ ಆಡಿದರು. ಒಣಗಿದ ಕಬ್ಬಿನ ಗರಿಯನ್ನೇ ಹಿಂದೆ ಪರದೆ ಥರ ಕಟ್ಟಿದ್ದರು, ಕೈ ತಾಗಿದರೆ ಪುಡಿ ಉದುರುತ್ತಿತ್ತು. ನೋಡಲು ಬಂದಿದ್ದ ಮೇಲಿನ ಊರಿನ ಹಿರಿಯರೊಬ್ಬರು ಎದ್ದು, "ನಮ್ಮ ಆಲೆಮನೆ ಒಲೆನೂ ಈ ಸಲ ಉರಿದಿಲ್ಲ ಕಣ್ರಪ್ಪಾ" ಅಂದರು. ಅವರೂ ಕಷ್ಟದಲ್ಲಿದ್ದಾರೆ ಅಂತ ನಮಗೆ ಗೊತ್ತಾಗಿದ್ದೇ ಆಗ. ಆಮೇಲೆ ಜಗಲಿ ಮೇಲೆ ಕೂತು ಮಾತಾಡಿದ್ದೆಲ್ಲ ಲೆಕ್ಕವೇ: ಯಾರ ಸರದಿ ಎಷ್ಟು ದಿನ, ಭತ್ತ ಬಿಟ್ಟು ರಾಗಿಗೆ ಹೋಗೋರು ಯಾರು.

ಮೈಸೂರಿನ ಸಭಾಂಗಣಗಳಲ್ಲಿ ಇಂಥ ಚಿತ್ರ, ನಾಟಕ ಮಾಡುವವರು ದಯವಿಟ್ಟು ನಾಲೆ ಬದಿಯ ಊರುಗಳಿಗೂ ಬನ್ನಿ. ಬರುವಾಗ ಮಳೆ ಎಷ್ಟು ಬಿತ್ತು, ನೀರು ಎಷ್ಟಿದೆ ಅನ್ನುವ ಲೆಕ್ಕವನ್ನೂ ತನ್ನಿ.