ಅಂಗಳಕ್ಕೆ ಬಂದ ಸಿಂಗಾಪುರದ ಕೋಣೆ

ಕಾಸರಗೋಡಿನವರಿಗೆ ವಿದೇಶ ಅಂದರೆ ಅಂಥ ದೂರದ ಮಾತೇನಲ್ಲ. ಬದಿಯಡ್ಕದ ಪೇಟೆಯಲ್ಲಿ ಚಾ ಕುಡಿಯುತ್ತಾ ಕೂತರೆ ಸಾಕು, ದುಬೈಯ ಕರಾಮದಲ್ಲಿ ಬೆಡ್ ಸ್ಪೇಸಿಗೆ ಈಗ ಎಷ್ಟು, ದೇರಾದಲ್ಲಿ ಒಂದು ಕೋಣೆಗೆ ಎಷ್ಟು ಜನ ಎಂಬುದೆಲ್ಲ ಕಿವಿಗೆ ಬೀಳುತ್ತದೆ. ಹೇಳುವವರು ಮಂಗಳೂರನ್ನೇ ಸರಿಯಾಗಿ ನೋಡಿರಲಿಕ್ಕಿಲ್ಲ. ಆದರೆ ಅದು ದುಡಿಯಲು ಹೋಗುವವರ ಲೆಕ್ಕ. ದುಡ್ಡು ಖರ್ಚು ಮಾಡಲಿಕ್ಕೆಂದೇ, ಅದೂ ಅತ್ತೆ, ಮಾವ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಹೊರಟವರು ರಾತ್ರಿ ಎಲ್ಲಿ ಮಲಗಬೇಕು ಅಂತ ಕೇಳಿದರೆ ಪೇಟೆಯಲ್ಲಿ ಯಾರಿಗೂ ಗೊತ್ತಿಲ್ಲ.

ಗೊತ್ತಿರುವುದಾದರೂ ಹೇಗೆ? ಬೆಂಗಳೂರೆಂದರೆ ಭಾವನ ಮನೆ, ಮೈಸೂರೆಂದರೆ ಚಿಕ್ಕಮ್ಮನ ಮನೆ. ಮುಂಬೈಯಲ್ಲಿ ಅತ್ತೆಯ ತಮ್ಮನ ಬಿಡಾರದಲ್ಲಿ, ಅಡುಗೆ ಕಟ್ಟೆಯ ಬುಡದಲ್ಲಿ ಚಾಪೆ ಹಾಸಿ ಮಲಗಿದ್ದನ್ನು ಮಾವ ಈಗಲೂ ಸುಖದ ಕತೆಯಾಗಿಯೇ ಹೇಳುತ್ತಾರೆ. ನೆಂಟರಿರುವ ಊರಿಗೆ ಹೋಗಿ ಲಾಡ್ಜ್ ಮಾಡಿದರೆ ಮುಂದಿನ ಮದುವೆಯಲ್ಲಿ ಮುಖ ಕೊಟ್ಟು ಮಾತಾಡುವವರಿಲ್ಲ. ಹಾಗಾಗಿ ಸಿಂಗಾಪುರ ಎಂದು ನಿಶ್ಚಯವಾದ ಕೂಡಲೇ ಅತ್ತೆ ಕೇಳಿದ್ದು, "ಅಲ್ಲಿ ನಮ್ಮವರು ಯಾರುಂಟು?" ಯಾರೂ ಇಲ್ಲ ಎಂದೆ. ಅವರು ನಂಬಲಿಲ್ಲ. ಫೋನು ಹಿಡಿದು ಕೂತು, ಪೆರ್ಲದ ಕಡೆಯ ಒಬ್ಬರ ಸೊಸೆಯ ಅಣ್ಣ ಅಲ್ಲಿ ಕೆಲಸದಲ್ಲಿದ್ದಾನೆಂದು ಪತ್ತೆ ಮಾಡಿಯೇ ಬಿಟ್ಟರು. ಮುಖ ನೋಡದವನ ಮನೆಯಲ್ಲಿ ಆರು ಜನ ಇಳಿಯುವುದು ಚಂದವಲ್ಲ ಎಂದು ಒಪ್ಪಿಸುವಷ್ಟರಲ್ಲಿ ನಮ್ಮ ಮನೆಯವರಿಗೆ ಸಾಕೋ ಸಾಕಾಯಿತು.

"ಹಾಗಾದರೆ ಒಂದು ಮನೆಯನ್ನೇ ಬಾಡಿಗೆಗೆ ಹಿಡಿಯುವ" ಎಂದರು ಅತ್ತೆ. ಅವರ ಕಣ್ಣಿದ್ದದ್ದು ಅಡುಗೆಮನೆಯ ಮೇಲೆ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಎರಡು ಹಪ್ಪಳ ಇಷ್ಟಾದರೆ ಅವರು ಯಾವ ದೇಶದಲ್ಲೂ ಬದುಕಬಲ್ಲರು. ನನಗೂ ಅದು ಹಿಡಿಸಿತ್ತು. ಆದರೆ ಸಿಂಗಾಪುರದ ಕಾನೂನು ಒಪ್ಪುವುದಿಲ್ಲ. ಅಲ್ಲಿ ಖಾಸಗಿ ಮನೆಯನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವ ಹಾಗಿಲ್ಲ, ಸರಕಾರ ಕಟ್ಟಿಸಿದ ಫ್ಲ್ಯಾಟಾದರೆ ಆರು ತಿಂಗಳು. ಮಾವನಿಗೆ ಇದು ಬಹಳ ತಮಾಷೆಯಾಗಿ ಕಂಡಿತು. ನಮ್ಮಲ್ಲಿ ಹನ್ನೊಂದು ತಿಂಗಳಿಗಿಂತ ಹೆಚ್ಚಿಗೆ ಕರಾರು ಬರೆಯಲು ಮನೆಯ ಯಜಮಾನರು ಹೆದರುತ್ತಾರೆ, ವರ್ಷ ದಾಟಿದರೆ ರಿಜಿಸ್ಟ್ರಿ ಮಾಡಿಸಬೇಕಲ್ಲ! ಅಲ್ಲಿ ಕಡಿಮೆಗೆ ಕೊಡಲು ಹೆದರಿಕೆ. ಅಡುಗೆಮನೆ ಇರುವ ಸರ್ವಿಸ್ ಅಪಾರ್ಟ್‌ಮೆಂಟ್‌ಗಳೇನೋ ಇವೆ. ಹಲವಕ್ಕೆ ಕನಿಷ್ಠ ಏಳು ದಿನ ಉಳಿಯಬೇಕು, ಮತ್ತೆ ಅದರ ಬಾಡಿಗೆ ನೋಡಿ ಇವರು ಲ್ಯಾಪ್‌ಟಾಪನ್ನೇ ಮುಚ್ಚಿದರು.

ಉಳಿದದ್ದು ಹೋಟೆಲು. ಕಡಿಮೆ ರೇಟಿನದ್ದು ಮೊದಲು ಬರಲಿ ಎಂದು ಒತ್ತಿದರೆ ಒಂದರ ಹಿಂದೆ ಒಂದು ಗೇಲಾಂಗ್ ಎಂಬ ಬಡಾವಣೆಯವೇ ಬಂದವು. ಇವರಿಗೆ ಖುಷಿಯೋ ಖುಷಿ. ಪೆರ್ಲದ ಕಡೆಯ ಆ ಅಣ್ಣನನ್ನು ಫೋನಿನಲ್ಲಿ ಕೇಳಿದಾಗ ಅವನು ಸ್ವಲ್ಪ ಕೆಮ್ಮಿ, "ಅಲ್ಲಿ ಊಟ ಒಳ್ಳೆದುಂಟು ಭಾವ, ಡುರಿಯನ್ ಹಣ್ಣೂ ಸಿಗ್ತದೆ... ಆದರೆ ರಾತ್ರಿ ಕೆಲವು ಓಣಿಗಳು ಅಜ್ಜಿಯನ್ನು ಕರ್ಕೊಂಡು ನಡೆಯುವಂಥದ್ದಲ್ಲ" ಎಂದ. ಅತ್ತೆ ಯಾಕೆ ಎಂದು ಕೇಳಿದರು. ಇವರು, "ರಸ್ತೆ ರಿಪೇರಿ ಆಗ್ತಾ ಉಂಟಂತೆ" ಎಂದರು.

ಆಮೇಲೆ ಲಿಟಲ್ ಇಂಡಿಯಾ. ಸೆರಂಗೂನ್ ರಸ್ತೆಯಲ್ಲಿ ವೀರಮಾಕಾಳಿಯಮ್ಮನ ಗುಡಿ, ಶ್ರೀನಿವಾಸ ಪೆರುಮಾಳ್ ಗುಡಿ, ತರಕಾರಿಗೆ ಟೆಕ್ಕಾ ಮಾರ್ಕೆಟ್ಟು, 1947ರಿಂದ ಸಸ್ಯಾಹಾರ ಬಡಿಸುತ್ತಿರುವ ಕೋಮಲ ವಿಲಾಸ್. ಆ ದೇಶದ ನಾಲ್ಕು ಅಧಿಕೃತ ಭಾಷೆಗಳಲ್ಲಿ ತಮಿಳೂ ಒಂದು ಎಂದು ತಿಳಿದಾಗಿನಿಂದ ಅತ್ತೆಗೆ ಆನೆಬಲ ಬಂದಿದೆ. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಆಡಿಕೊಂಡು ಬಂದವರು ಅವರು. ಮಲಯಾಳವನ್ನು ಸ್ವಲ್ಪ ಎಳೆದರೆ ತಮಿಳಾಗುತ್ತದೆ ಎಂಬುದು ಅವರ ಲೆಕ್ಕ.

ಮಾವನಿಗೆ ಆ ಊರಿನ ಮೇಲೆ ಮಮತೆ ಹುಟ್ಟಿದ್ದು ಬೇರೆ ಕಾರಣಕ್ಕೆ. 1963ರಲ್ಲಿ ಮಲೇಷ್ಯಕ್ಕೆ ಸೇರಿ, 1965ರ ಆಗಸ್ಟ್ 9ಕ್ಕೆ ಬೇರೆಯಾದ ಊರದು. "ನಾನೂ ಈ ಜಗಲಿಯಿಂದ ಏಳದೆ ಮದ್ರಾಸು ರಾಜ್ಯದಿಂದ ಕೇರಳಕ್ಕೆ ಬಂದವನೇ" ಎಂದು ನಕ್ಕರು. 1956ರ ನವೆಂಬರಿನ ಸಂಗತಿ ಈ ಕಡೆಯ ಹಿರಿಯರಿಗೆ ಯಾವ ಮಾತಿನಲ್ಲೂ ನೆನಪಾಗದೆ ಇರುವುದಿಲ್ಲ.

ಲಿಟಲ್ ಇಂಡಿಯಾದಲ್ಲಿ ಕೋಣೆಗಳೇನೋ ಬೇಕಾದಷ್ಟು. ಆದರೆ ಒಳ್ಳೆ ರೇಟಿನದ್ದೆಂದು ಆರಿಸಿದ ಕೋಣೆಯ ವಿವರವನ್ನು ಓದುತ್ತಾ ಹೋದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಕಿಟಿಕಿ ಇಲ್ಲ ಎಂದಿರುತ್ತದೆ. ಅಲ್ಲಿನ ಹಳೆಯ ಅಂಗಡಿಮನೆಗಳೇ ಹಾಗೆ, ಎದುರು ಕಿರಿದು, ಹಿಂದಕ್ಕೆ ಉದ್ದ. ಕೆಳಗೆ ವ್ಯಾಪಾರ, ಮೇಲೆ ಸಂಸಾರ. ಅಕ್ಕಪಕ್ಕದವಕ್ಕೆ ಅಂಟಿಕೊಂಡೇ ಕಟ್ಟಿದ್ದರಿಂದ ಬೆಳಕು ಬರುವುದು ಮುಂದಿನಿಂದ, ಹಿಂದಿನಿಂದ, ನಡುವಿನ ಗಾಳಿಬಾವಿಯಿಂದ ಮಾತ್ರ. ಅದನ್ನು ಹೋಟೆಲು ಮಾಡಿ ಕೋಣೆ ಕೋಣೆಯಾಗಿ ಕಡಿದರೆ ಮಧ್ಯದವಕ್ಕೆ ಕಿಟಿಕಿ ಎಲ್ಲಿಂದ ಬರಬೇಕು? ಅದೇ ಸಾಲುಮನೆಗಳ ಎದುರಿಗೆ ಐದಡಿ ಅಗಲದ ಜಗಲಿ ಮಾತ್ರ ಒಂದರಿಂದ ಒಂದಕ್ಕೆ ಕೂಡಿಕೊಂಡು ಹೋಗುತ್ತದೆ. ಮಳೆಗೂ ಬಿಸಿಲಿಗೂ ಜನ ಅದರಡಿಯಲ್ಲೇ ನಡೆಯಲಿ ಎಂದು 1822ರಲ್ಲಿ ರಾಫಲ್ಸ್ ಸಾಹೇಬ ಊರಿನ ನಕ್ಷೆ ಮಾಡಿಸುವಾಗ ಹಾಕಿದ ಕಟ್ಟಳೆ. ಜಗಲಿಯ ಬೆಲೆ ಗೊತ್ತಿದ್ದ ಮನುಷ್ಯ. ಅವನ ಕಾಲದಲ್ಲಿ ಹೋಟೆಲು ಮಾಡುವವರಿದ್ದಿದ್ದರೆ ಕಿಟಿಕಿಗೂ ಒಂದು ಕಟ್ಟಳೆ ಹಾಕುತ್ತಿದ್ದನೋ ಏನೋ.

ಕಿಟಿಕಿ ಇಲ್ಲದ ಕೋಣೆಗೆ ರಾತ್ರಿಗೆ ಸುಮಾರು ಕಡಿಮೆಯಾಗುತ್ತದೆ. "ಮಲಗಲಿಕ್ಕೆ ಮಾತ್ರ ತಾನೆ" ಎಂದು ಇವರು ವಾದಿಸಿದರು. ಮಲಗಲಿಕ್ಕೆ ಮಾತ್ರ ಎನ್ನುವವರು ಬೆಳಿಗ್ಗೆ ಎದ್ದು ಮಳೆ ಬಂತೋ ಬಿಸಿಲೋ ಎಂದು ನೋಡದವರು. ಬೆಳಗಿನ ಉಪಾಹಾರ ಬಿಟ್ಟೇನು, ಕಿಟಿಕಿ ಬಿಡಲಾರೆ ಎಂದು ನಾನು ಹಟ ಹಿಡಿದೆ.

ಇನ್ನು ಅಳತೆ. ಹನ್ನೆರಡು ಚದರ ಮೀಟರ್ ಎಂದರೆ ಎಷ್ಟು ಎಂಬುದು ಯಾರಿಗೂ ತಲೆಗೆ ಹತ್ತಲಿಲ್ಲ. ಫೋಟೊದಲ್ಲಂತೂ ಎಲ್ಲ ಕೋಣೆಯೂ ಮದುವೆ ಹಾಲ್. ಮಾವ ಟೇಪು ತಂದು ಅಂಗಳಕ್ಕೆ ಇಳಿದರು. ಒಣಗಲು ಹಾಕಿದ ಅಡಿಕೆಯನ್ನು ಕಾಲಲ್ಲೇ ಬದಿಗೆ ಸರಿಸಿ ಮೂರು ಮೀಟರು, ನಾಲ್ಕು ಮೀಟರು ಅಳೆದು, ಸುತ್ತಲೂ ಅಡಿಕೆಯದೇ ಗೋಡೆ ಕಟ್ಟಿದರು. ಬಚ್ಚಲೂ ಈ ಅಳತೆಯೊಳಗೇ ಎಂದು ನಾನು ನೆನಪಿಸಿದೆ, ಒಂದು ಮೂಲೆ ಹೋಯಿತು. ಮಂಚದ ಜಾಗಕ್ಕೆ ಚಾಪೆ ಹಾಸಿದರು. ಮಗಳು ಪೆಟ್ಟಿಗೆ ತಂದು ಇಟ್ಟಳು. ಮುಚ್ಚಳ ತೆರೆದರೆ ಅತ್ತೆ ಬಚ್ಚಲಿಗೆ ಹೋಗುವ ದಾರಿಯಿಲ್ಲ. ಅಡಿಕೆ ಸುಲಿಯಲು ಬಂದವರು ಇದನ್ನೆಲ್ಲ ನೋಡುತ್ತಾ ನಿಂತು, "ಹೊಸ ಹಟ್ಟಿಯಾ ಅಣ್ಣೇರೇ? ಎರಡು ದನಕ್ಕೆ ಸಾಕು. ಕಾಸರಗೋಡು ಗಿಡ್ಡವಾದರೆ ಮೂರು ಹಿಡಿಸೀತು" ಎಂದರು. ಹೋಟೆಲಿನವರೂ ಅದನ್ನೇ ಬರೆದಿದ್ದರು: ದೊಡ್ಡವರು ಇಬ್ಬರು, ಮಗು ಒಂದು. ಹಾಗೆ ನಮಗೆ ಎರಡು ಕೋಣೆ ಎಂದು ತೀರ್ಮಾನವಾಯಿತು.

ಇಷ್ಟರ ಮೇಲೆ ಒಬ್ಬೊಬ್ಬರದ್ದು ಒಂದೊಂದು ತಪಾಸಣೆ. ಕಮೋಡಿನ ಪಕ್ಕ ನೀರಿನ ಪೈಪು ಉಂಟೋ ಇಲ್ಲವೋ ಎಂದು ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುವುದು ಮಾವನ ಇಲಾಖೆ. ಬೆಲೆ ಇವರದು. 150 ಡಾಲರ್ ಎಂದು ಬರೆದು ಪಕ್ಕದಲ್ಲಿ ಎರಡು ಕೂಡುವ ಗುರುತು ಹಾಕಿರುತ್ತಾರೆ. ಶೇಕಡಾ 10 ಸೇವಾ ಶುಲ್ಕ ಸೇರಿ 165, ಆ 165ರ ಮೇಲೆ ಶೇಕಡಾ 9 ತೆರಿಗೆ, ಒಟ್ಟು 179 ಚಿಲ್ಲರೆ. ಆ ಎರಡು ಪುಟ್ಟ ಗುರುತಿನಲ್ಲಿ ಸುಮಾರು 30 ಡಾಲರ್ ಅಡಗಿ ಕೂತಿರುತ್ತದೆ. ಅತ್ತೆಯದು ಮೀಯುವ ಚಿಂತೆ. ರಾತ್ರಿಯ ವಿಮಾನ ಅಲ್ಲಿ ಇಳಿಯುವುದು ಬೆಳಗಿನ ಆರಕ್ಕೆ, ನಮ್ಮ ಮೂರೂವರೆಗೆ. ಕೋಣೆ ಕೊಡುವುದು ಮಧ್ಯಾಹ್ನ ಮೂರಕ್ಕೆ. "ಅಷ್ಟು ಹೊತ್ತು ಮೀಯದೆ ಕಾಫಿ ಕುಡಿಯುವುದು ಹೇಗೆ?" ಬೇಗ ಕೊಡುತ್ತೀರಾ ಎಂದು ಬರೆದು ಕೇಳಿದರೆ, ಖಾಲಿ ಇದ್ದರೆ ಕೊಡುತ್ತೇವೆ ಎಂಬ ಉತ್ತರ ಬಂತು. ಎಲ್ಲ ಹೋಟೆಲಿನವರೂ ಅದನ್ನೇ ಬರೆಯುತ್ತಾರೆ.

ಕೊನೆಗೆ ಆರಿಸಿಕೊಟ್ಟದ್ದು ಒಂದು ಬೈಗುಳ. ಯಾರೋ ಪುಣ್ಯಾತ್ಮ ಒಂದೇ ನಕ್ಷತ್ರ ಕೊಟ್ಟು, ಬೆಳಿಗ್ಗೆ ಬೇಗ ಹತ್ತಿರದ ದೇವಸ್ಥಾನದ ಗಂಟೆ, ನಾಗಸ್ವರದಿಂದ ನಿದ್ದೆ ಕೆಟ್ಟಿತು ಎಂದು ಗೋಳು ಬರೆದಿದ್ದ. ನಾನು ಓದಿ ಹೇಳಿದೆ. ಅತ್ತೆ ಹೂ ಕಟ್ಟುತ್ತಿದ್ದವರು ತಲೆಯೆತ್ತದೆ, "ಇದೇ ಆಗಲಿ" ಎಂದರು. ಕಿಟಿಕಿ ಇತ್ತು, ಪೈಪೂ ಇತ್ತು. ಆಯಿತು.

ಆಯಿತು ಎಂದರೆ ಆಗಲಿಲ್ಲ. ಹೊರಡುವ ಎರಡು ದಿನ ಮೊದಲಿನವರೆಗೂ ಪುಕ್ಕಟೆಯಾಗಿ ರದ್ದು ಮಾಡಬಹುದಂತೆ. ಹೀಗೆ ಬಾಗಿಲು ತೆರೆದಿಟ್ಟರೆ ಯಾವ ಸಂಸಾರ ಸುಮ್ಮನೆ ಕೂತೀತು? ಮಗ ಈಗ 57ನೇ ಮಾಳಿಗೆಯಲ್ಲಿ ಈಜುಕೊಳ ಇರುವ ಮರೀನಾ ಬೇ ಸ್ಯಾಂಡ್ಸ್ ಹಿಡಿದಿದ್ದಾನೆ. ಅಲ್ಲಿ ಉಳಿದವರಿಗೆ ಮಾತ್ರ ನೀರಿಗಿಳಿಯಲು ಬಿಡುತ್ತಾರೆ. ಒಂದೇ ಒಂದು ರಾತ್ರಿ ಎಂದು ಅವನು ಅಜ್ಜನನ್ನು ಒಳಗೆ ಹಾಕಿಕೊಂಡಿದ್ದಾನೆ. ಗುಡ್ಡಕ್ಕೆ ಅಡ್ಡ ಸುರಂಗ ಕೊರೆಸಿ ನೀರು ಕಂಡವರು ನಮ್ಮ ಮಾವ. ಅಷ್ಟೆತ್ತರಕ್ಕೆ ನೀರು ಹತ್ತಿಸುವ ಪಂಪು ಎಷ್ಟು ಎಚ್‌ಪಿಯದ್ದು ಎಂದು ಕೇಳುತ್ತಿದ್ದಾರೆ. ಇವರು ಬೆಲೆಗೆ ಶೇಕಡಾ 10, ಅದರ ಮೇಲೆ ಶೇಕಡಾ 9 ಕೂಡಿಸಿ ತೋರಿಸಿದರೂ ಮಾವ ಅದನ್ನು ನೋಡುವಂತೆ ಕಾಣುವುದಿಲ್ಲ. ನಾಳೆ ಕುಂಬಳೆಗೆ ಹೋದಾಗ ಪಂಪಿನ ಅಂಗಡಿಯವನನ್ನು ಕೇಳುತ್ತಾರಂತೆ.