ಟ್ರಂಕಿನೊಳಗಿನ ಫೋನಿಗೆ ಹೋಗುವ ಓಟಿಪಿ

ಗ್ಯಾಸ್ ಸಿಲಿಂಡರ್ ಬಾಗಿಲಿಗೆ ಬಂದಿದೆ. ತಂದ ಹುಡುಗ "ಅಕ್ಕಾ, ಕೋಡ್ ಹೇಳ್ರಿ" ಅನ್ನುತ್ತಾನೆ. ಕೋಡ್ ಬಂದಿರುವುದು ಗಂಡನ ಮೊಬೈಲಿಗೆ. ಆ ಮೊಬೈಲು ಲಡಾಖಿನ ಯಾವುದೋ ಪೋಸ್ಟಿನಲ್ಲಿ, ಸಿಗ್ನಲ್ ಇಲ್ಲದ ಕಡೆ, ಕಬ್ಬಿಣದ ಟ್ರಂಕಿನೊಳಗೆ ಇದೆ. ಹುಡುಗ ಎರಡು ನಿಮಿಷ ಕಾದು ಸಿಲಿಂಡರನ್ನು ಮತ್ತೆ ಗಾಡಿಗೆ ಏರಿಸುತ್ತಾನೆ.

ಸೇನೆಯಲ್ಲಿರುವ ಗಂಡ ಫೀಲ್ಡ್ ಪೋಸ್ಟಿಂಗಿಗೆ, ಅಂದರೆ ಕುಟುಂಬವನ್ನು ಜೊತೆಗೆ ಕರೆದೊಯ್ಯಲಾಗದ ಗಡಿಭಾಗದ ಕೆಲಸಕ್ಕೆ, ಹೋದ ಮನೆಯಲ್ಲಿ ದಿನ ಬೆಳಗಾದರೆ ಎದುರಾಗುವ ಕಷ್ಟ ಇಂಥದ್ದು. 2025ರ ಮೇ ತಿಂಗಳಲ್ಲಿ ರಜೆಗೆ ಬಂದವರನ್ನು ಅರ್ಧಕ್ಕೇ ವಾಪಸ್ ಕರೆಸಿಕೊಂಡಾಗ ಊರೂರಲ್ಲಿ ಹಾರ ಹಾಕಿ ಕಳಿಸಿಕೊಟ್ಟೆವು. ಮಾಡಬೇಕಾದದ್ದೇ ಅದು. ಆದರೆ ಅವರು ಹೊರಟ ಮೇಲೆ ಮನೆಯಲ್ಲಿ ಉಳಿದವಳಿಗೆ ಬ್ಯಾಂಕು, ಆಸ್ಪತ್ರೆ, ತಹಶೀಲ್ದಾರ್ ಕಚೇರಿ ಎಲ್ಲ ಕಡೆಯೂ ಕೇಳಿಬರುವ ಮಾತು ಒಂದೇ: "ಯಜಮಾನರು ಬರಲಿ." ಸೌಲಭ್ಯಗಳು ಇವೆ, ಕಾನೂನುಗಳೂ ಇವೆ. ಅವನ್ನು ತೆರೆಯುವ ಕೀಲಿ ಮಾತ್ರ ಅವನ ಜೇಬಿನಲ್ಲಿ ಉಳಿದುಬಿಡುತ್ತದೆ. ಆ ಕೀಲಿಯನ್ನು ಹೆಂಡತಿಯ ಕೈಗೆ ಕೊಡುವ ಕೆಲಸ ರಜೆಯ ಮೊದಲ ವಾರದಲ್ಲೇ ಆಗಬೇಕು. ಕೊನೆಯ ವಾರಕ್ಕೆ ಇಟ್ಟುಕೊಂಡರೆ ಅದು ಜಾತ್ರೆ, ನೆಂಟರು, ತವರುಮನೆ ಅಂತ ಕರಗಿಹೋಗುತ್ತದೆ.

ಮೊದಲು ಮೊಬೈಲ್ ನಂಬರು. ಗ್ಯಾಸ್ ಏಜೆನ್ಸಿ, ಮಕ್ಕಳ ಶಾಲೆ, ವಿದ್ಯುತ್ ಬಿಲ್ಲು, ಹೆಂಡತಿಯ ಮತ್ತು ಮಕ್ಕಳ ಆಧಾರ್, ಇವೆಲ್ಲಕ್ಕೂ ಊರಿನಲ್ಲಿರುವ ಅವಳ ನಂಬರನ್ನೇ ಜೋಡಿಸಿ. ಮೈದುನನ ನಂಬರು ಬೇಡ, ಮಾವನ ನಂಬರೂ ಬೇಡ. ಅವರು ಎಷ್ಟೇ ಒಳ್ಳೆಯವರಿರಲಿ, ಹೊಲಕ್ಕೆ ಹೋಗಿದ್ದಾಗ ಓಟಿಪಿ ಕಾಯುವುದಿಲ್ಲ.

ಬ್ಯಾಂಕಿನ ವಿಷಯದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ಸಂಬಳದ ಖಾತೆಯ ಎಟಿಎಂ ಕಾರ್ಡನ್ನೂ ಪಿನ್ನನ್ನೂ ಹೆಂಡತಿಗೆ ಕೊಟ್ಟು ಹೊರಟುಬಿಡುವುದು. ಪಿನ್ ತಪ್ಪಾಗಿ ಒತ್ತಿ ಕಾರ್ಡ್ ಬ್ಲಾಕ್ ಆಯಿತೋ, ಕೆವೈಸಿ ಅವಧಿ ಮುಗಿಯಿತು ಅಂತ ಬ್ಯಾಂಕಿನವರು ಖಾತೆ ತಡೆಹಿಡಿದರೋ, ಬಿಡಿಸಲು ಅವನ ಸಹಿ, ಅವನ ಓಟಿಪಿ ಬೇಕು. ಅದಕ್ಕಿಂತ ಹೆಂಡತಿಯ ಹೆಸರಲ್ಲೇ ಬೇರೆ ಖಾತೆ ತೆರೆದು, ಸಂಬಳ ಬಿದ್ದ ಮರುದಿನ ಮನೆಖರ್ಚಿನ ಮೊತ್ತ ತಾನಾಗಿ ಅಲ್ಲಿಗೆ ಹೋಗುವಂತೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡುವುದು ಒಳ್ಳೆಯದು. ಸಾಲದ ಕಂತು, ವಿಮೆಯ ಕಂತು ಅವನ ಖಾತೆಯಿಂದಲೇ ಕಡಿತವಾಗಲಿ. ಮೂರು ತಿಂಗಳ ಖರ್ಚಿನಷ್ಟು ಹಣ ಅವಳ ಖಾತೆಯಲ್ಲಿ ಸದಾ ಇರಲಿ. ಜಂಟಿ ಖಾತೆಯೇ ಬೇಕೆಂದರೆ ಅರ್ಜಿಯಲ್ಲಿ 'ಐದರ್ ಆರ್ ಸರ್ವೈವರ್' (ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದು) ಅಂತ ಇದೆಯೇ ನೋಡಿ. 'ಫಾರ್ಮರ್ ಆರ್ ಸರ್ವೈವರ್' ಅಂತಿದ್ದರೆ ಮೊದಲ ಹೆಸರಿನವನು ಬದುಕಿರುವತನಕ ಎರಡನೆಯವಳು ಹಣ ತೆಗೆಯುವಂತಿಲ್ಲ.

ಇನ್ನು ಒಂದು ಹಾಳೆ ಬೇಕು. ಅದರಲ್ಲಿ ಅವನ ಆರ್ಮಿ ನಂಬರು, ರ‍್ಯಾಂಕು, ದಾಖಲೆಯಲ್ಲಿರುವಂತೆ ಪೂರ್ತಿ ಹೆಸರು, ಯೂನಿಟ್ಟು, ಕಂಪನಿ, ಸುಬೇದಾರ್ ಮೇಜರ್ ಸಾಹೇಬರ ಅಥವಾ ಹೆಡ್ ಕ್ಲರ್ಕಿನ ಫೋನು, ಯೂನಿಟ್ಟು ಗಡಿಗೆ ಹೋದಾಗ ಹಿಂದೆ ಉಳಿಯುವ ರಿಯರ್ ಪಾರ್ಟಿಯ ಫೋನು, ಮತ್ತು ರೆಕಾರ್ಡ್ ಆಫೀಸಿನ ವಿಳಾಸ ಇರಲಿ. ಸೈನಿಕರ ಸೇವಾ ದಾಖಲೆಗಳನ್ನು ಇಡುವ ಈ ರೆಕಾರ್ಡ್ ಆಫೀಸು ಒಂದೊಂದು ರೆಜಿಮೆಂಟಿಗೆ ಒಂದೊಂದು ಕಡೆ ಇರುತ್ತದೆ: ಮರಾಠಾ ಲೈಟ್ ಇನ್ಫೆಂಟ್ರಿಯವರದ್ದು ಬೆಳಗಾವಿಯಲ್ಲಿ, ಮದ್ರಾಸ್ ಸ್ಯಾಪರ್ಸ್ ಅಂದರೆ ಎಂಇಜಿಯವರದ್ದು ಬೆಂಗಳೂರಲ್ಲಿ, ಮದ್ರಾಸ್ ರೆಜಿಮೆಂಟಿನವರದ್ದು ತಮಿಳುನಾಡಿನ ವೆಲ್ಲಿಂಗ್ಟನ್‌ನಲ್ಲಿ. ಎಷ್ಟೋ ಮನೆಗಳಲ್ಲಿ "ಆರ್ಮಿ, ಕಾಶ್ಮೀರ" ಅನ್ನುವುದರಾಚೆ ಏನೂ ಗೊತ್ತಿರುವುದಿಲ್ಲ. ಆರ್ಮಿ ನಂಬರಿಲ್ಲದೆ ಸೇನೆಯ ಯಾವ ಮೇಜಿನ ಮೇಲೂ ಕಾಗದ ಮುಂದೆ ಸರಿಯುವುದಿಲ್ಲ. ಹಾಳೆಯನ್ನು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿ. ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ.

ಈಗ ಪಾರ್ಟ್ ಟೂ ಆರ್ಡರ್, ಅಂದರೆ ಸೈನಿಕನ ವೈಯಕ್ತಿಕ ವಿವರಗಳನ್ನು ದಾಖಲಿಸಲು ಯೂನಿಟ್ಟು ಹೊರಡಿಸುವ ಆದೇಶ. ಮದುವೆ ಆಯಿತು, ಮಗು ಹುಟ್ಟಿತು, ಅಪ್ಪ ಅಮ್ಮ ಅವಲಂಬಿತರು, ಇವೆಲ್ಲ ಯೂನಿಟ್ಟಿನ ಪಾರ್ಟ್ ಟೂ ಆರ್ಡರಿನಲ್ಲಿ ಪ್ರಕಟವಾದಾಗ ಮಾತ್ರ ಸೇನೆಯ ಲೆಕ್ಕಕ್ಕೆ ಬರುತ್ತವೆ. ಡಿಪೆಂಡೆಂಟ್ ಕಾರ್ಡು (ಅವಲಂಬಿತರ ಗುರುತಿನ ಚೀಟಿ), ಮಿಲಿಟರಿ ಆಸ್ಪತ್ರೆ, ಮುಂದೆ ಪಿಂಚಣಿ, ಎಲ್ಲವೂ ಇದರ ಮೇಲೆ ನಿಂತಿದೆ. ನಮ್ಮ ಕಡೆ ಇದು ಎಡವುವುದು ಹೆಸರಿನಲ್ಲಿ. ಶಾಲೆಯ ದಾಖಲೆಯಲ್ಲಿ ಶಾಂತಾ, ಆಧಾರಿನಲ್ಲಿ ಶಾಂತವ್ವ, ಮದುವೆಯ ಪ್ರಮಾಣಪತ್ರದಲ್ಲಿ ಗಂಡನ ಮನೆತನದ ಅಡ್ಡಹೆಸರು ಸೇರಿದ ಶಾಂತಾ. ಹಳೆ ಮೈಸೂರು ಕಡೆ ಇನಿಷಿಯಲ್ ಒಂದು ಕಾಗದದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಇಂಗ್ಲಿಷ್ ಕಾಗುಣಿತದ ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಕಡತ ತಿಂಗಳುಗಟ್ಟಲೆ ಅಲೆಯುತ್ತದೆ. ಆದ್ದರಿಂದ ಮದುವೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವ ಮುಂಚೆಯೇ ಆಧಾರ್ ಸರಿಮಾಡಿಸಿ, ಅದೇ ಅಕ್ಷರಗಳಲ್ಲಿ ಉಳಿದದ್ದೆಲ್ಲ ಬರೆಸಿ. ಮಗುವಿನ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರೂ ಹಾಗೆಯೇ ಇರಲಿ. ಆರ್ಡರ್ ಪ್ರಕಟವಾದ ಮೇಲೆ ಅದರ ನಂಬರು, ತಾರೀಖು ಕೇಳಿ ಬರೆದಿಟ್ಟುಕೊಳ್ಳಿ. "ಅರ್ಜಿ ಕೊಟ್ಟಿದ್ದೀನಿ" ಅನ್ನುವುದು ಬೇರೆ, "ಪ್ರಕಟವಾಗಿದೆ" ಅನ್ನುವುದು ಬೇರೆ.

ನಾಮಿನೇಷನ್ ಬಗ್ಗೆ ಮಾತಾಡಲು ಮನೆಯವರು ಹೆದರುತ್ತಾರೆ. ಅಪಶಕುನ ಅನ್ನುತ್ತಾರೆ. ಆದರೂ ಕೂತು ಮಾತಾಡಲೇಬೇಕು. ಭರ್ತಿಯಾದಾಗ ಮದುವೆ ಆಗಿರುವುದಿಲ್ಲ, ಆಗ ಅವ್ವನ ಹೆಸರು ಕೊಟ್ಟಿರುತ್ತಾನೆ. ಆರ್ಮಿ ಗ್ರೂಪ್ ಇನ್ಶೂರೆನ್ಸು, ಪ್ರಾವಿಡೆಂಟ್ ಫಂಡು, ಬ್ಯಾಂಕು ಎಲ್ಲದರಲ್ಲೂ ಅದೇ ಉಳಿದಿರುತ್ತದೆ. ಕುಟುಂಬ ಪಿಂಚಣಿ ನಿಯಮದ ಪ್ರಕಾರ ಮೊದಲು ಹೆಂಡತಿಗೆ ಹೋಗುತ್ತದೆ. ವಿಮೆ, ಪಿಎಫ್ ಹಣ ನಾಮಿನೇಷನ್ ನೋಡಿ ಹೋಗುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಅತ್ತೆ ಸೊಸೆ ಕೋರ್ಟು ಹತ್ತುತ್ತಾರೆ. ಅವ್ವನಿಗೆ ಎಷ್ಟು, ಹೆಂಡತಿಗೆ ಎಷ್ಟು ಅಂತ ಬದುಕಿರುವವನೇ ತೀರ್ಮಾನಿಸಿ, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಅಗ್ನಿವೀರರ ಅಪ್ಪ ಅಮ್ಮಂದಿರೂ ಗಮನಿಸಿ: 4 ವರ್ಷದ ಅವಧಿಯಲ್ಲಿ 48 ಲಕ್ಷ ರೂಪಾಯಿಯ ಜೀವವಿಮೆ ಇದೆ, ಅದಕ್ಕೆ ಮಗನ ಸಂಬಳದಿಂದ ಕಂತು ಕಟ್ಟಬೇಕಿಲ್ಲ. ನಾಮಿನಿ ಯಾರು, ಆ ಹೆಸರು ಆಧಾರಿನಂತೆಯೇ ಇದೆಯೇ ಅನ್ನುವುದನ್ನು ಮೊದಲ ರಜೆಯಲ್ಲೇ ಕೇಳಿ.

ಆಸ್ಪತ್ರೆಯ ಬಗ್ಗೆ ಒಂದು ಗೊಂದಲ ಎಲ್ಲ ಕಡೆ ಇದೆ. ಇಸಿಎಚ್‌ಎಸ್ ಎಂಬ ಚಿಕಿತ್ಸಾ ಯೋಜನೆ ಇರುವುದು ನಿವೃತ್ತರಿಗೆ. ಸೇವೆಯಲ್ಲಿರುವವರ ಹೆಂಡತಿ, ಮಕ್ಕಳು, ಅವಲಂಬಿತ ತಂದೆ ತಾಯಿ ಹೋಗಬೇಕಾದ್ದು ಮಿಲಿಟರಿ ಆಸ್ಪತ್ರೆಗೆ, ಡಿಪೆಂಡೆಂಟ್ ಕಾರ್ಡಿನೊಂದಿಗೆ. ಗದಗ, ಬಾಗಲಕೋಟೆ, ಹಾವೇರಿ ಕಡೆಯವರಿಗೆ ಬೆಳಗಾವಿ. ದಕ್ಷಿಣದವರಿಗೆ ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯ ಕಮಾಂಡ್ ಆಸ್ಪತ್ರೆ. ದೂರವೇ. ಹೆರಿಗೆ, ಶಸ್ತ್ರಚಿಕಿತ್ಸೆಯಂಥ ಮುಂಚೆಯೇ ಗೊತ್ತಿರುವುದಕ್ಕೆ ಅಲ್ಲಿಗೆ ಹೋಗಿ ಹೆಸರು ಬರೆಸುವುದು ಲೇಸು. ರಾತ್ರೋರಾತ್ರಿ ಊರಿನ ಖಾಸಗಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ತಡಮಾಡದೆ ಹತ್ತಿರದ ಮಿಲಿಟರಿ ಆಸ್ಪತ್ರೆಗೂ ಯೂನಿಟ್ಟಿಗೂ ತಿಳಿಸಿ. ತುರ್ತಾಗಿತ್ತೆಂದು ವೈದ್ಯರು ಬರೆದುಕೊಟ್ಟ ಎಮರ್ಜೆನ್ಸಿ ಸರ್ಟಿಫಿಕೇಟು, ಡಿಸ್ಚಾರ್ಜ್ ಸಮರಿ, ಮೂಲ ಬಿಲ್ಲುಗಳನ್ನು ಜೋಪಾನ ಮಾಡಿ. ಡಿಸ್ಚಾರ್ಜ್ ಆದ ತಿಂಗಳ ಮೇಲೆ ಹೋಗಿ ಎಮರ್ಜೆನ್ಸಿ ಅಂತ ಬರೆದುಕೊಡಿ ಎಂದರೆ ಯಾರೂ ಬರೆಯುವುದಿಲ್ಲ.

ಎಲ್ಲಿ ಇರಬೇಕು ಅನ್ನುವುದೂ ಪ್ರಶ್ನೆಯೇ. ಫೀಲ್ಡಿಗೆ ಹೋದವರ ಕುಟುಂಬಕ್ಕಾಗಿಯೇ ಕೆಲವು ಊರುಗಳ ಕಂಟೋನ್ಮೆಂಟಿನಲ್ಲಿ 'ಸೆಪರೇಟೆಡ್ ಫ್ಯಾಮಿಲಿ' ಕ್ವಾರ್ಟರ್ಸ್ ಇವೆ. ಸರದಿ ಉದ್ದ ಇರುವುದರಿಂದ ಪೋಸ್ಟಿಂಗ್ ಆರ್ಡರ್ ಕೈಗೆ ಬಂದ ಕೂಡಲೇ ಅರ್ಜಿ ಹಾಕಬೇಕು. ಅದು ಸಿಗದಿದ್ದರೆ ಕುಟುಂಬ ಇರುವ ಊರನ್ನು ಘೋಷಿಸಿ ಮನೆಬಾಡಿಗೆ ಭತ್ಯೆ ಪಡೆಯುವ ದಾರಿಯನ್ನು ಯೂನಿಟ್ಟಿನ ಕ್ಲರ್ಕ್ ಹತ್ತಿರ ಕೇಳಿ.

ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನು ಜನ ಇನ್ನೂ ಸೈನಿಕ ಬೋರ್ಡ್ ಅಂತಲೇ ಕರೆಯುತ್ತಾರೆ. ಅದು ಮಾಜಿ ಸೈನಿಕರಿಗೆ ಮಾತ್ರ ಅಂತ ತಿಳಿದು ಹೆಂಗಸರು ಆ ಕಡೆ ಹೋಗುವುದೇ ಇಲ್ಲ. ಸೇವೆಯಲ್ಲಿರುವವರ ಕುಟುಂಬದ ಅಹವಾಲು ಕೇಳಿ ಜಿಲ್ಲಾಡಳಿತಕ್ಕೆ ಮುಟ್ಟಿಸುವುದೂ ಅದರದ್ದೇ ಕೆಲಸ. ಎಲ್ಲ ಜಿಲ್ಲೆಯಲ್ಲೂ ಕಚೇರಿ ಇಲ್ಲ. ನಿಮ್ಮ ಜಿಲ್ಲೆ ಪಕ್ಕದ ಯಾವ ಕಚೇರಿಗೆ ಸೇರಿದೆ ಅಂತ ಡಿಸಿ ಕಚೇರಿಯಲ್ಲಿ ಕೇಳಿ. ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿಯವರ ಮನೆಯವರು ಗಮನಿಸಬೇಕಾದ್ದು: ಆ ಪಡೆಗಳು ಗೃಹ ಸಚಿವಾಲಯದವು, ಅವರ ವ್ಯವಸ್ಥೆಯೇ ಬೇರೆ. ಅವರಿಗೆ ವಾರ್ಬ್ ಎಂದು ಕರೆಯುವ ಕಲ್ಯಾಣ ಮತ್ತು ಪುನರ್ವಸತಿ ಮಂಡಳಿ ಇದೆ, ಚಿಕಿತ್ಸೆಗೆ ಆಯುಷ್ಮಾನ್ ಸಿಎಪಿಎಫ್ ಇದೆ. ಸೈನಿಕ ಬೋರ್ಡಿನ ಬಾಗಿಲಲ್ಲಿ ದಿನ ಕಳೆದು ನಿರಾಶರಾಗಬೇಡಿ.

ಜಮೀನಿನ ತಕರಾರೇ ಈ ಮನೆಗಳನ್ನು ಎಲ್ಲಕ್ಕಿಂತ ಹೆಚ್ಚು ಹಿಂಡುವುದು. ಮಗ ದೂರ ಇದ್ದಾನೆಂದು ಗೊತ್ತಾದ ಕೂಡಲೇ ಬದು ಸರಿಯುತ್ತದೆ, ದಾರಿ ಮುಚ್ಚುತ್ತದೆ. ಸೈನಿಕ ತನ್ನ ಕಮಾಂಡಿಂಗ್ ಆಫೀಸರಿಗೆ ಅರ್ಜಿ ಕೊಟ್ಟರೆ ಅವರು ಡಿಸಿಗೂ ಎಸ್‌ಪಿಗೂ ಪತ್ರ ಬರೆಯುತ್ತಾರೆ. ಆದರೆ ಆ ಪತ್ರದಲ್ಲಿ "ನನ್ನ ಹೊಲ ಒತ್ತುವರಿಯಾಗಿದೆ" ಅಂತ ಮಾತ್ರ ಇದ್ದರೆ ಅದು ಕಡತದಲ್ಲೇ ಕೊಳೆಯುತ್ತದೆ. ಸರ್ವೆ ನಂಬರು, ಹಿಸ್ಸಾ, ಊರು, ಹೋಬಳಿ, ತಾಲ್ಲೂಕು, ಎದುರು ಪಕ್ಷದವರ ಹೆಸರು, ಯಾವ ದಿನ ಏನಾಯಿತು, ಹೊಸ ಪಹಣಿಯ ಪ್ರತಿ, ಇಷ್ಟನ್ನು ಮನೆಯವರು ಫೋಟೋ ತೆಗೆದು ಅವನಿಗೆ ಕಳಿಸಬೇಕು. ಪತ್ರ ಹೋದ ಮೇಲೆ ಅದರ ಸಂಖ್ಯೆ ಹಿಡಿದುಕೊಂಡು ಹೆಂಡತಿಯೋ ಅಪ್ಪನೋ ಡಿಸಿ ಕಚೇರಿಗೆ ಒಮ್ಮೆ ಹೋಗಿ ಬರಬೇಕು.

ಕೋರ್ಟಿನಲ್ಲಿ ಕೇಸಿದ್ದರೆ ಎರಡು ದಾರಿ. ಸಿವಿಲ್ ಪ್ರೊಸೀಜರ್ ಕೋಡಿನ 28ನೇ ಆದೇಶದ ಪ್ರಕಾರ, ರಜೆ ಸಿಗದ ಸೈನಿಕ ತನ್ನ ಪರವಾಗಿ ದಾವೆ ನಡೆಸಲು ಯಾರಿಗಾದರೂ ಬರವಣಿಗೆಯಲ್ಲಿ ಅಧಿಕಾರ ಕೊಡಬಹುದು. ಕಮಾಂಡಿಂಗ್ ಆಫೀಸರ್ ಎದುರು ಸಹಿ ಮಾಡಿ, ಅವರ ಮೇಲುಸಹಿ ಹಾಕಿಸಿ ಕೋರ್ಟಿಗೆ ಸಲ್ಲಿಸಿದರೆ ಆಯಿತು. ಎರಡನೆಯದು 1925ರ ಇಂಡಿಯನ್ ಸೋಲ್ಜರ್ಸ್ ಲಿಟಿಗೇಷನ್ ಕಾಯ್ದೆ. ಯುದ್ಧದ ಅಥವಾ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿದ್ದು ಹಾಜರಾಗಲು ಆಗದವನ ಕೇಸನ್ನು, ಅವನ ಪರ ಯಾರೂ ಇಲ್ಲದಿದ್ದಾಗ, ತಡೆಹಿಡಿಯಲು ಅದರಲ್ಲಿ ಅವಕಾಶವಿದೆ. ಜಿಲ್ಲಾಧಿಕಾರಿಯೇ ಕೋರ್ಟಿಗೆ ಬರೆದು ತಿಳಿಸಬಹುದು. ತಾಲ್ಲೂಕು ಮಟ್ಟದ ವಕೀಲರಲ್ಲಿ ಬಹಳ ಜನ ಈ ಕಾಯ್ದೆಯನ್ನು ನೆನಪು ಮಾಡಿಕೊಳ್ಳುವುದೇ ಇಲ್ಲ, ನೀವೇ ಹೆಸರು ಹೇಳಿ. ಶುಲ್ಕದ ಚಿಂತೆ ಬೇಡ: ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ. 2025ರ ಜುಲೈ 26ರಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ (ನಾಲ್ಸಾ) 'ವೀರ್ ಪರಿವಾರ್ ಸಹಾಯತಾ ಯೋಜನೆ'ಯನ್ನು ಸೈನಿಕರ ಕುಟುಂಬಗಳಿಗೆಂದೇ ಶುರುಮಾಡಿದೆ. ಸಹಾಯವಾಣಿ 15100.

ಆಸ್ತಿ ಮಾರಾಟ, ವಿಭಾಗಕ್ಕೆ ಅಧಿಕಾರ ಪತ್ರ ಕೊಡುವುದಾದರೆ ನೋಟರಿ ಸಹಿ ನೆಚ್ಚಬೇಡಿ, ರಜೆಯಲ್ಲಿದ್ದಾಗಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ. ಯಾವ ಸರ್ವೆ ನಂಬರು, ಯಾವ ಕೆಲಸ ಅಂತ ಬಿಡಿಸಿ ಬರೆಯಿರಿ. ಎಲ್ಲದಕ್ಕೂ ಸೇರಿಸಿ ಜನರಲ್ ಪವರ್ ಕೊಟ್ಟು ಹೋಗುವುದು ನಮ್ಮ ದೃಷ್ಟಿಯಲ್ಲಿ ಸರಿಯಲ್ಲ, ಅಣ್ಣ ತಮ್ಮಂದಿರ ನಡುವೆ ಕೂಡ.

ಗಂಡನೇ ಮನೆಗೆ ಹಣ ಕಳಿಸುತ್ತಿಲ್ಲ ಅನ್ನುವ ಕಷ್ಟವೂ ಇದೆ, ಅದನ್ನು ಮುಚ್ಚಿಡುವುದು ಬೇಡ. 1950ರ ಸೇನಾ ಕಾಯ್ದೆಯಡಿ ಹೆಂಡತಿ ಮಕ್ಕಳ ಜೀವನಾಂಶವನ್ನು ಸಂಬಳದಿಂದಲೇ ಕಡಿತ ಮಾಡಲು ಅವಕಾಶ ಇದೆ. ಹೆಂಡತಿ ಕಮಾಂಡಿಂಗ್ ಆಫೀಸರಿಗೆ ನೇರವಾಗಿ ಅರ್ಜಿ ಬರೆಯಬಹುದು. ಅದರ ಒಂದು ಪ್ರತಿಯನ್ನು ರೆಕಾರ್ಡ್ ಆಫೀಸಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ತುರ್ತು ರಜೆಗೆ ಬರೆಯುವಾಗ "ಅಪ್ಪನಿಗೆ ಸೀರಿಯಸ್, ಬೇಗ ಕಳಿಸಿ" ಅಂದರೆ ಸಾಲದು. ಆರ್ಮಿ ನಂಬರು, ಹೆಸರು, ರೋಗಿ ಅವನಿಗೆ ಏನಾಗಬೇಕು, ಯಾವ ಆಸ್ಪತ್ರೆ, ಯಾವ ವಾರ್ಡು, ವೈದ್ಯರ ಹೆಸರು, ಫೋನು, ವೈದ್ಯರು ಬರೆದುಕೊಟ್ಟ ಚೀಟಿಯ ಫೋಟೋ. ಇಷ್ಟಿದ್ದರೆ ಕಂಪನಿ ಕಮಾಂಡರ್ ಒಂದು ಫೋನಿನಲ್ಲಿ ಖಚಿತಪಡಿಸಿಕೊಂಡು ರಜೆ ಮಂಜೂರು ಮಾಡಬಹುದು. ಮಂಜೂರಾದ ಮೇಲೂ ಎತ್ತರದ ಪೋಸ್ಟಿನಿಂದ ಇಳಿದು ಲೇಹ್ ತಲುಪಲಿಕ್ಕೇ ದಿನಗಳು ಬೇಕು, ಹಿಮ ಬಿದ್ದರೆ ವಿಮಾನವೂ ಹಾರುವುದಿಲ್ಲ. ಆದ್ದರಿಂದ ಅವನು ಬರುವತನಕ ಆಸ್ಪತ್ರೆಯಲ್ಲಿ ಸಹಿ ಹಾಕುವವರು ಯಾರು, ರಾತ್ರಿ ಗಾಡಿ ತರುವವರು ಯಾರು ಅಂತ ಎರಡು ಹೆಸರು ಮೊದಲೇ ಗೊತ್ತುಮಾಡಿಕೊಂಡಿರಿ.

ಇದೇ ಗಾಬರಿಯ ಮೇಲೆ ಕಣ್ಣಿಟ್ಟ ಕಳ್ಳರೂ ಇದ್ದಾರೆ. "ಯೂನಿಟ್ಟಿನಿಂದ ಮಾತಾಡ್ತಿದ್ದೀವಿ, ನಿಮ್ಮ ಗಂಡನಿಗೆ ಆಕ್ಸಿಡೆಂಟ್ ಆಗಿದೆ, ಹಣ ಹಾಕಿ" ಅಂತ ಫೋನು ಬಂದರೆ ಇಟ್ಟುಬಿಡಿ. ಬೀರುವಿನ ಹಾಳೆ ನೋಡಿ ನೀವೇ ಯೂನಿಟ್ಟಿಗೆ ಫೋನು ಮಾಡಿ. ಗಾಯಗೊಂಡ ಸೈನಿಕನ ಚಿಕಿತ್ಸೆಗೆ ಸೇನೆ ಮನೆಯವರ ಹತ್ತಿರ ಹಣ ಕೇಳುವುದಿಲ್ಲ, ಓಟಿಪಿಯಂತೂ ಕೇಳುವುದೇ ಇಲ್ಲ. ಹಣ ಹೋಗಿಬಿಟ್ಟಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನೆರೆಹೊರೆಯವರಿಗೂ ಒಂದು ಮಾತು: "ಈಗ ಎಲ್ಲಿದ್ದಾನೆ, ಯಾವ ಸೆಕ್ಟರು?" ಅಂತ ಕೇಳಬೇಡಿ, ಅವನ ಫೋಟೋ ಜಾಗದ ಹೆಸರಿನೊಂದಿಗೆ ಸ್ಟೇಟಸ್ಸಿಗೆ ಹಾಕಬೇಡಿ. ಏನಾದರೂ ಮಾಡಬೇಕು ಅನ್ನಿಸಿದರೆ ರೇಷನ್ ಅಂಗಡಿಯ ಸಾಲಿನಲ್ಲಿ ಅವಳ ಮಗುವನ್ನು ಹತ್ತು ನಿಮಿಷ ಎತ್ತಿಕೊಳ್ಳಿ.

ನಿದ್ದೆ ಬಾರದ ರಾತ್ರಿಗಳಿಗೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರ. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಕ್ಲಾಸ್ ಟೀಚರಿಗೆ ಅಪ್ಪ ಫೀಲ್ಡಿನಲ್ಲಿದ್ದಾನೆ ಅಂತ ಹೇಳಿಡಿ. ಗಡಿಯಲ್ಲಿ ಗಲಾಟೆಯಾದ ದಿನ ಟಿವಿ ಆರಿಸಿ. ಅವನ ಯೂನಿಟ್ಟಿನ ಸುದ್ದಿ ಟಿವಿಗಿಂತ ಮೊದಲು ತಿಳಿಯಬೇಕಾದ ಜಾಗ ಯೂನಿಟ್ಟೇ.

ಪತ್ರ ಬರೆಯುವುದನ್ನು ಬಿಡಬೇಡಿ. ಫೋನು ಸಿಗದ ಪೋಸ್ಟಿಗೂ ಅಂಚೆ ಹೋಗುತ್ತದೆ. ವಿಳಾಸದಲ್ಲಿ ಆರ್ಮಿ ನಂಬರು, ರ‍್ಯಾಂಕು, ಹೆಸರು, ಯೂನಿಟ್ಟು, ಆಮೇಲೆ ಕೇರ್ ಆಫ್ 56 ಎಪಿಒ ಅಥವಾ 99 ಎಪಿಒ (ಸೇನಾ ಅಂಚೆ ಕಚೇರಿ), ಮತ್ತು 9ರಿಂದ ಶುರುವಾಗುವ ಪಿನ್ ಕೋಡು, ಅಷ್ಟೇ. ಊರಿನ ಹೆಸರು, ಸೆಕ್ಟರಿನ ಹೆಸರು ಬೇಡ. ಶೇಂಗಾ ಚಟ್ನಿಪುಡಿ ಕಳಿಸುವುದಾದರೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗಟ್ಟಿ ಡಬ್ಬಿಗೆ ತುಂಬಿ, ಮೇಲೆ ಬಟ್ಟೆ ಹೊಲಿಯಿರಿ. ತುಪ್ಪ, ಉಪ್ಪಿನಕಾಯಿ ಸೋರಿ ಬೇರೆಯವರ ಕಾಗದಗಳನ್ನೂ ಹಾಳುಮಾಡುತ್ತವೆ. ಪತ್ರದ ತಲೆಯ ಮೇಲೆ ತಾರೀಖು ಹಾಕಲು ಮರೆಯಬೇಡಿ. ಚಳಿಗಾಲದಲ್ಲಿ ನಾಲ್ಕೈದು ಪತ್ರ ಒಟ್ಟಿಗೇ ಮೇಲೆ ತಲುಪುವುದುಂಟು, ಯಾವುದನ್ನು ಮೊದಲು ಓದಬೇಕು ಅಂತ ಅವನಿಗೆ ಗೊತ್ತಾಗಬೇಕಲ್ಲ.