ನಡುವೆ ಒಂದು ಗೆರೆ

ಎಲ್ಲಿ ಮನೆ ಮಾಡಬೇಕೆಂದು ತೀರ್ಮಾನಿಸಲು ಒಂದು ಹಾಳೆ ತೆಗೆದುಕೊಂಡು ನಡುವೆ ಉದ್ದಕ್ಕೆ ಗೆರೆ ಎಳೆದೆ. ಎಡಕ್ಕೆ ಅನುಕೂಲ, ಬಲಕ್ಕೆ ಅನನುಕೂಲ. ಮೊದಲು ಹಳ್ಳಿ. ಎಡಗಡೆ ‘ಎಲ್ಲರೂ ಪರಿಚಿತರು’ ಎಂದು ಬರೆದೆ. ಬೆಳಗ್ಗೆ ಹೊರಟಾಗ ‘ಎಲ್ಲಿಗೆ?’ ಎಂದವರೇ ಸಂಜೆ ‘ಎಲ್ಲಿಂದ?’ ಎಂದೂ ಕೇಳುವುದು ನೆನಪಾಯಿತು. ಬಲಗಡೆಯೂ ಅದನ್ನೇ ಬರೆದೆ.

ನಗರದ ಸರದಿ ಬಂತು. ‘ಯಾರೂ ಯಾರನ್ನೂ ಕೇಳುವುದಿಲ್ಲ.’ ತಡರಾತ್ರಿ ಬೀಗ ತೆಗೆಯುವಾಗ ಹಾಯೆನಿಸುವ ಈ ಮಾತು, ಜ್ವರ ಬಂದು ಮೂರು ದಿನ ಮಲಗಿದಾಗ ಸದ್ದಿಲ್ಲದೆ ಗೆರೆ ದಾಟಿ ಬಲಕ್ಕೆ ಹೋಗಿ ಕೂರುತ್ತದೆ.

ಹಾಗಾದರೆ ಬೆಟ್ಟವೇ ಸರಿ ಎನ್ನಿಸಿತು. 1,000 ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರು ಡಿಗ್ರಿ ಇಳಿಯುತ್ತದೆ, ಫ್ಯಾನಿನ ಗೊಡವೆಯಿಲ್ಲ. ಆದರೆ 2,000 ಮೀಟರ್ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿದುಬಿಡುತ್ತದೆ, ಒಳಗಿನ ಕಾಳು ಮಾತ್ರ ಬೇಯುವ ಮನಸ್ಸು ಮಾಡುವುದಿಲ್ಲ. ದೂರದ ಬೆಟ್ಟದ ಗಾದೆ ಕಟ್ಟಿದವರು ಒಮ್ಮೆಯಾದರೂ ಮೇಲೆ ಹೋಗಿ ಒಲೆ ಹೂಡಿದವರೇ ಇರಬೇಕು.

ಕಡಲತೀರದಲ್ಲಿ ನೆಲ ನೀರಿಗಿಂತ ಬೇಗ ಕಾಯುವುದರಿಂದ ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ತಂಗಾಳಿ ಬೀಸುತ್ತದೆ. ಅದು ಬರಿಗೈಯಲ್ಲಿ ಬರುವುದಿಲ್ಲ, ಉಪ್ಪನ್ನೂ ತರುತ್ತದೆ. ಕಿಟಕಿಯ ಕಬ್ಬಿಣದ ಚಿಲಕ ಮೊದಲು ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಬಿಗಿಯುತ್ತದೆ, ಒಂದು ದಿನ ತೆರೆಯಲು ಹೋದವರ ಕೈಗೇ ಕಿತ್ತು ಬರುತ್ತದೆ. ಚಿಲಕ ಉಳಿಯಬೇಕೆಂದರೆ, ಗಾಳಿಗೆಂದೇ ಅಲ್ಲಿಗೆ ಹೋದವರು ಕಿಟಕಿ ಮುಚ್ಚಿ ಕೂರಬೇಕು.

ಊರಿನ ಮಾತು ಬಿಡಿ, ಒಂದೇ ಕಟ್ಟಡದೊಳಗೂ ಇದೇ ಪಾಡು. ಮನೆ ನೋಡಲು ನಾವೆಲ್ಲ ಬೆಳಗ್ಗೆ ಹತ್ತು ಗಂಟೆಗೆ ಹೋಗುತ್ತೇವೆ. ಆ ಹೊತ್ತಿನಲ್ಲಿ ಎಲ್ಲ ಮನೆಗಳೂ ಸಭ್ಯವಾಗಿಯೇ ಇರುತ್ತವೆ. ನಾನೂ ಹಾಗೆ ಹೋಗಿ, ಕೊನೆಯ ಮಹಡಿಯ ಮನೆಯೊಂದರ ಬೆಳಕಿಗೆ ಮರುಳಾಗಿ ಒಪ್ಪಿಕೊಂಡಿದ್ದೆ. ಹಗಲಿಡೀ ಬಿಸಿಲು ಕುಡಿದ ಕಾಂಕ್ರೀಟ್ ಚಾವಣಿ ಅದನ್ನು ರಾತ್ರಿಯೆಲ್ಲ ನಿಧಾನವಾಗಿ ಕೆಳಗೆ ಬಿಡುತ್ತದೆಂಬುದು ತಿಳಿದದ್ದು, ತಂಪು ಬದಿ ಹುಡುಕುತ್ತ ದಿಂಬನ್ನು ಮೂರನೆಯ ಬಾರಿ ಮಗುಚಿ ಹಾಕಿದಾಗ. ಆದರೂ ಬೆಳಗಾಗುತ್ತಲೇ ಆ ಬೆಳಕು ನೋಡಿ ಮತ್ತೆ ಕರಗುತ್ತಿದ್ದೆ. ‘ಬಿಸಿಲು’ ಎಂಬ ಪದವನ್ನೂ ಎರಡೂ ಕಡೆ ಬರೆದೆ.

ಹಾಳೆ ತುಂಬಿತು. ಅಪ್ಪ ಕನ್ನಡಕ ಏರಿಸಿಕೊಂಡು ಎಡಗಡೆ ಓದಿದರು, ಬಲಗಡೆ ಓದಿದರು, ಮತ್ತೊಮ್ಮೆ ಎಡಗಡೆ ನೋಡಿದರು.

‘ಎಲ್ಲ ಸರಿ, ನಡುವೆ ಈ ಗೆರೆ ಯಾಕೆ ಎಳೆದೆ?’ ಎಂದರು.